ವಿಮಾನದಲ್ಲಿ ಬೀಗರ ಪಂಕ್ತಿ

ಇವತ್ತು ಬೆಳಿಗ್ಗೆ ಗೋಪಿಚಂದನ ಹುಡುಕಲು ಹೋದರೆ ಕೈಗೆ ಸಿಕ್ಕಿದ್ದು ಕಣ್ಣುಪಟ್ಟಿ. ಕರೀ ಬಟ್ಟೆಯದು, ಹಿಂದೆ ಇಲಾಸ್ಟಿಕ್ ಇರುವಂಥದು, ವಿಮಾನದಲ್ಲಿ ಮಲಗುವವರು ಬೆಳಕು ಬೀಳದಂತೆ ಕಟ್ಟಿಕೊಳ್ಳುತ್ತಾರಲ್ಲ, ಅದು. ನನ್ನ ಗೋಪಿಚಂದನದ ಗಟ್ಟಿ, ಮುದ್ರೆಗಳು, ಒಂದು ಜೊತೆ ಹೊಸ ಜನಿವಾರ, ಇಷ್ಟೂ ಈಗ ವಾಸವಾಗಿರುವುದು ಬಿಸಿನೆಸ್ ಕ್ಲಾಸಿನಲ್ಲಿ ಕೊಟ್ಟ ಒಂದು ಝಿಪ್ಪಿನ ಚೀಲದಲ್ಲಿ. ಅದರೊಳಗಿದ್ದ ಕಾಲುಚೀಲವನ್ನು ಹಾಕಿ ಹಾಕಿ ಹರಿದೆ. ಬಾಚಣಿಗೆಗೆ ನನ್ನ ತಲೆಯಲ್ಲಿ ಕೆಲಸವಿಲ್ಲ. ಕಣ್ಣುಪಟ್ಟಿ ಮಾತ್ರ ಉಳಿದಿದೆ. "ಬಿಸಾಕ್ರಿ ಅದನ್ನ, ಗಾಣದ ಎತ್ತಿಗೆ ಕಟ್ಟೋದು ಇದ್ದಂಗೈತಿ" ಎನ್ನುತ್ತಾಳೆ ನನ್ನ ಹೆಂಡತಿ. ಎಸೆಯಲು ಮನಸ್ಸು ಬರುವುದಿಲ್ಲ.

ಬಿಸಿನೆಸ್ ಕ್ಲಾಸು ಅಂದಕೂಡಲೇ ನೀವು ನನ್ನನ್ನು ಆಂಧ್ರದ ಗಡಿಯಲ್ಲಿರುವ ನಮ್ಮ ಆದೋನಿಯ ಹತ್ತಿ ಸಾಹುಕಾರ ಅಂದುಕೊಳ್ಳಬೇಡಿ. ನಾನು ಸರ್ವೇ ಇಲಾಖೆಯಲ್ಲಿ ಮೂವತ್ತು ಚಿಲ್ಲರೆ ವರ್ಷ ಹೊಲದಲ್ಲಿ ಚೈನು ಎಳೆಸಿದವನು. ಆಲೂರಿನಿಂದ ಸಿ. ಬೆಳಗಲ್‌ವರೆಗೆ ನಾನು ಕಲ್ಲು ನೆಡಿಸಿದ ಬದುಗಳಿವೆ, ಅಷ್ಟೇ ಸಂಖ್ಯೆಯ ಬೈಗುಳಗಳೂ ಇವೆ. ಕೆಲಸ ಬಿಟ್ಟರೂ ಅಳೆಯುವ ಚಟ ಬಿಟ್ಟಿಲ್ಲ. ಯಾರದಾದರೂ ಮನೆಗೆ ಹೋದರೆ ಕಾಫಿ ಬರುವುದರೊಳಗೆ ಕಣ್ಣಲ್ಲೇ ಪಡಸಾಲೆಯ ಉದ್ದಗಲ ಹಾಕಿಬಿಡುತ್ತೇನೆ. ಭೂಮಿ ಅಳೆದೆ, ಮನೆ ಅಳೆದೆ. ಮನುಷ್ಯರನ್ನು ಅಳೆಯುವಾಗ ಮಾತ್ರ ಒಮ್ಮೆ ಕೆಟ್ಟದಾಗಿ ತಪ್ಪಿದೆ, ಈ ಚೀಲದ ಕಥೆ ಅಲ್ಲಿಂದಲೇ ಶುರುವಾಗುತ್ತದೆ.

ಏಳು ವರ್ಷದ ಹಿಂದೆ ಮಗಳು ಸುಧಾಳ ಮದುವೆ. ಗಂಡು ಎಮ್ಮಿಗನೂರಿನ ಹುಡುಗ ಶ್ರೀನಿವಾಸ, ಮೆಲ್ಬೋರ್ನಿನ ಒಂದು ದೇವಸ್ಥಾನದಲ್ಲಿ ಅರ್ಚಕ. ಹುಟ್ಟಿದ ವರ್ಷವೇ ತಾಯಿ ತೀರಿಕೊಂಡ ಆ ಹುಡುಗನನ್ನು ಸಾಕಿದವರು ಅವನ ಸೋದರತ್ತೆ ರುಕ್ಮಿಣಮ್ಮ. ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತೌರಿಗೆ ಬಂದು, ತಮ್ಮನ ಮಗನನ್ನು ಎದೆಗವಚಿಕೊಂಡವರು. ಇದೆಲ್ಲ ನನಗೆ ಬಾಯಿಪಾಠವಾಗಿ ಗೊತ್ತಿತ್ತು. ಆದರೆ ಅವರನ್ನು ಕಣ್ಣಾರೆ ನೋಡಿರಲಿಲ್ಲ. ನಿಶ್ಚಿತಾರ್ಥಕ್ಕೆ ಅವರು ಬಂದಿರಲಿಲ್ಲ.

ಮದುವೆಯ ದಿನ ಬೀಗರ ಪಂಕ್ತಿ ಹಾಕಿಸುತ್ತಿದ್ದೆ. ನಮ್ಮ ಕಡೆ ಬೀಗರ ಪಂಕ್ತಿ ಅಂದರೆ ಹುಡುಗಾಟವಲ್ಲ. ಎಲೆಯ ಸುತ್ತ ರಂಗೋಲಿ, ಎಲೆಗೊಂದು ಬೆಳ್ಳಿ ಬಟ್ಟಲು, ಗಂಡಿನವರು ಎದ್ದಮೇಲೇ ಉಳಿದವರು. ಒಂದು ಎಲೆ ಹೆಚ್ಚುಕಮ್ಮಿಯಾದರೆ ಮೂರು ತಲೆಮಾರು ಆಡಿಕೊಳ್ಳುತ್ತಾರೆ. ಆಗ ಅಡಿಗೆಮನೆಯ ಕಡೆಯಿಂದ ಸಾದಾ ನೂಲಿನ ಸೀರೆಯುಟ್ಟ ಒಬ್ಬ ಹೆಂಗಸು ಬಂದು ಕೊನೆಯ ಎಲೆಯ ಮುಂದೆ ಕೂತರು. ಕೈಗೆ ಕಾಯಿತುರಿ ಹತ್ತಿತ್ತು. ನಾನು ಓಡಿಹೋಗಿ, "ಅಮ್ಮಾ, ಏಳ್ರಿ ಏಳ್ರಿ, ಇದು ಬೀಗರ ಪಂಕ್ತಿ. ಅಡಿಗಿಯವರು ಆಮ್ಯಾಲೆ ಕೂಡ್ರಿ" ಅಂದೆ.

ಅವರು ನನ್ನ ಮುಖ ನೋಡಿದರು. ಎದ್ದು ಒಳಗೆ ಹೋದರು.

ಸಾರಿನ ಹೊತ್ತಿಗೆ ಮದುಮಗ "ನಮ್ಮ ಅತ್ತಿ ಎಲ್ಲಿ?" ಅಂತ ಹುಡುಕಿದಾಗ ರುಕ್ಮಿಣಮ್ಮನವರು ಅಡಿಗೆಮನೆಯ ಮೂಲೆಯಲ್ಲಿ ಈಳಿಗೆಮಣೆ ಮೇಲೆ ಕುಳಿತು ಕಾಯಿ ತುರಿಯುತ್ತಿದ್ದರು. ಕೈ ಕಮ್ಮಿ ಬಿದ್ದಾವೆ ಅಂತ ಬೆಳಗಿನಿಂದ ಅಡಿಗೆಯವರಿಗೆ ನೆರವಾಗುತ್ತಿದ್ದರಂತೆ. ನನಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಉದ್ದಂಡ ನಮಸ್ಕಾರ ಹಾಕಿದೆ. "ಇರ್ಲಿ ಬಿಡ್ರಿ ಬೀಗರ, ಗೊತ್ತಿಲ್ದ ಆಗೇತಿ" ಅಂದರು. ಊಟಕ್ಕೆ ಏಳಿ ಅಂದರೆ, "ನನಗ ಇವತ್ತು ಉಪವಾಸ" ಅಂದರು.

ಆ ಉಪವಾಸ ಆರು ವರ್ಷ ನಡೆಯಿತು. ಬಂದಾಗಲೆಲ್ಲ ನಗುನಗುತ್ತ ಮಾತಾಡುತ್ತಿದ್ದರು, ನನ್ನ ಸಕ್ಕರೆ ಕಾಯಿಲೆ ವಿಚಾರಿಸುತ್ತಿದ್ದರು. ತಟ್ಟೆ ಬಂತೆಂದರೆ ಮಾತ್ರ ಇವತ್ತು ಏಕಾದಶಿ, ಇವತ್ತು ಒಪ್ಪತ್ತು, ಇವತ್ತು ಹೊಟ್ಟೆ ಸರಿಯಿಲ್ಲ. ಪಂಚಾಂಗದವರು ತಿಂಗಳಿಗೆ ಎರಡೇ ಏಕಾದಶಿ ಬರೆಯುತ್ತಾರೆ, ಪಾಪ, ಅವರಿಗೆ ರುಕ್ಮಿಣಮ್ಮನವರ ಮೂರನೆಯದು ಗೊತ್ತಿಲ್ಲ. ನಮ್ಮ ಮನೆಯಲ್ಲಿ ಒಂದು ಲೋಟ ನೀರು ಬಿಟ್ಟು ಏನನ್ನೂ ಬಾಯಿಗೆ ಹಾಕಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಹೋದ ವರ್ಷ ಸುಧಾಗೆ ಗಂಡು ಮಗುವಾಯಿತು. ಬಾಣಂತನಕ್ಕೆ ಹೆಂಡತಿ ಮೊದಲೇ ಹೋಗಿದ್ದಳು. ನಾಮಕರಣಕ್ಕೆ ನಾನೂ ರುಕ್ಮಿಣಮ್ಮನವರೂ ಜೊತೆಯಲ್ಲಿ ಹೋಗುವುದೆಂದಾಯಿತು. ಅಳಿಯ ಫೋನು ಮಾಡಿ ಸಂಕೋಚದಿಂದ, "ಮಾವಾ, ನಮ್ಮ ಅತ್ತೀಗೆ ಮೊಣಕಾಲು ನೋವು, ತಾಸುಗಟ್ಲೆ ಕೂಡಾಕ ಆಗಾಂಗಿಲ್ಲ. ಆಕಿಗೆ ಮಲಗೋ ಸೀಟು ತಗೊಂಡೀನಿ. ನಿಮಗ ಹಿಂದ..." ಅಂದ. "ಅಯ್ಯೋ, ಅದರಾಗೇನೈತಪ್ಪಾ, ಬೀಗರು ಮುಂದ, ನಾವು ಹಿಂದ, ಶಾಸ್ತ್ರದ ಪ್ರಕಾರನ ಐತಿ" ಅಂದೆ.

ಆಮೇಲೆ ಸುಧಾ ಫೋನು ತೆಗೆದುಕೊಂಡಳು. ದನಿ ಸಣ್ಣಗೆ ಮಾಡಿ, "ಅಪ್ಪಾ, ಇಲ್ಲಿ ಎರಡು ತಿಂಗಳು ನೀವಿಬ್ರೂ ಒಂದ ಮನ್ಯಾಗ ಇರ್ತೀರಿ. ಕೂಸಿನ ನಾಮಕರಣದ ದಿನಾನೂ ಅತ್ತಿ ಉಪವಾಸ ಅಂದ್ರ ನಾ ಅತ್ತಬಿಡ್ತೀನಿ ನೋಡು. ಹೆಂಗಾರ ಮಾಡಿ ದಾರ್ಯಾಗ ನಿನ್ನ ಕೈಲೇ ಒಂದು ತುತ್ತು ತಿನಿಸು" ಅಂದಳು. ಮಗಳು ಬಂಗಾರ ಕೇಳಿದ್ದರೆ ಸುಲಭವಿತ್ತು.

ಹೆಂಡತಿ ಊರಲ್ಲಿಲ್ಲ. ನಾನೇ ಶೇಂಗಾ ಹೋಳಿಗೆಗೆ ಕೈಹಾಕಿದೆ. ಶೇಂಗಾಕ್ಕೆ ನಮ್ಮ ಸೀಮೆಯಲ್ಲಿ ಬರವಿಲ್ಲ, ಬರ ಇದ್ದದ್ದು ನನ್ನ ಕೈಯ ಹದಕ್ಕೆ. ರುಕ್ಮಿಣಮ್ಮನವರು ಮಡಿಯವರು, ಪ್ರಯಾಣದಲ್ಲಿ ನೀರಲ್ಲಿ ಕಲಸಿದ್ದನ್ನು ತಿನ್ನುವುದಿಲ್ಲ, ಹಾಲಲ್ಲಿ ಕಲಸಿದ್ದಾದರೆ ನಡೆಯುತ್ತದೆ. ಅದಕ್ಕೇ ಕಣಕವನ್ನು ಹಾಲಲ್ಲೇ ನಾದಿದೆ, ಮಿಂದು ಒದ್ದೆ ಪಂಚೆಯುಟ್ಟು ತುಪ್ಪದಲ್ಲಿ ಬೇಯಿಸಿದೆ. ಮೊದಲಿನ ನಾಲ್ಕು ಆಂಧ್ರಪ್ರದೇಶದ ನಕಾಶೆಯಾದವು, ಆಮೇಲಿನವು ಜಿಲ್ಲೆ, ತಾಲ್ಲೂಕು ಅಂತ ಸಣ್ಣದಾಗುತ್ತ ಬಂದು ಕೊನೆಗೆ ಎಂಟು ಹತ್ತು ಗುಂಡಗಾದವು. ಆ ಗುಂಡಗಿನವನ್ನೇ ಡಬ್ಬಿಗೆ ಹಾಕಿದೆ. ಅಳಿಯ ಎಚ್ಚರ ಹೇಳಿದ್ದ: "ಹಾಲಿಂದು, ತುಪ್ಪದ್ದು ಇಲ್ಲಿ ಒಳಗ ಬಿಡಾಂಗಿಲ್ಲ ಮಾವಾ, ಇಳಿಯೋದ್ರೊಳಗ ತಿಂದು ಮುಗಸ್ರಿ." ಅಂದರೆ ನನಗಿದ್ದ ಗಡುವು ಒಂದು ಹಾರಾಟ, ಹೆಚ್ಚುಕಮ್ಮಿ ಹನ್ನೆರಡು ತಾಸು.

ಬೆಂಗಳೂರಲ್ಲಿ ಗುರುವಾರ ಮಧ್ಯಾಹ್ನ ವಿಮಾನ ಹತ್ತಿದೆವು. ಬಾಗಿಲಲ್ಲೇ ನಮ್ಮ ದಾರಿ ಬೇರೆಯಾಯಿತು. ಒಬ್ಬ ಗಗನಸಖಿ ರುಕ್ಮಿಣಮ್ಮನವರ ಕೈಹಿಡಿದು ಮುಂದಕ್ಕೆ ಕರೆದುಕೊಂಡು ಹೋದಳು. ನಾನು ಹಿಂದಿನ ನಲವತ್ತನೇ ಸಾಲಿಗೆ ನಡೆದೆ. ನಡುವೆ ಇನ್ನೊಂದು ವರ್ಗವಿತ್ತು, ಪ್ರೀಮಿಯಂ ಅಂತೆ. ಸೀಟು ನಾಲ್ಕು ಬೆರಳು ಅಗಲ, ಕಾಲಿಗೆ ಒಂದು ಹಲಗೆ ಹೆಚ್ಚು, ಕೂತವರ ಮುಖದಲ್ಲಿ ಹಿಂದಿನವರ ಮೇಲೆ ಕನಿಕರ, ಮುಂದಿನವರ ಮೇಲೆ ಹೊಟ್ಟೆಕಿಚ್ಚು.

ಕೂತವನೇ ಗೇಣು ಹಾಕಿದೆ. ಮುಂದಿನ ಸೀಟಿಗೂ ನನ್ನದಕ್ಕೂ ಮೂರೂವರೆ ಗೇಣು. ಅಗಲ ಎರಡು ಗೇಣಿಗೆ ಎರಡು ಬೆರಳು ಕಮ್ಮಿ. ಇಬ್ಬರ ನಡುವಿನ ತೋಳುಹಲಗೆ ಎರಡು ಹೊಲಗಳ ನಡುವಿನ ಬದು. ಅದರ ಮೇಲೆ ಎಷ್ಟು ತಂಟೆ ಹುಟ್ಟುತ್ತದೆಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಪಕ್ಕದಲ್ಲಿ ಗುಂಟೂರಿನ ಕಡೆಯ ವಯಸ್ಸಾದ ತೆಲುಗು ಹೆಂಗಸೊಬ್ಬರು ಕೂತಿದ್ದರು. ನನ್ನ ಗೇಣು ಅವರ ಕಡೆ ಬಂದದ್ದು ನೋಡಿ ಸೆರಗು ಬಿಗಿಮಾಡಿಕೊಂಡರು. "ಸರ್ವೇಯರ್‌ನಮ್ಮಾ" ಅಂದೆ. ನಕ್ಕು ಬದುವನ್ನು ನನಗೇ ಬಿಟ್ಟುಕೊಟ್ಟರು.

ಮುಂದಿನ ವರ್ಗದವರು ಕಾಣದಂತೆ ನಡುವೆ ಪರದೆ ಎಳೆದಾಗ ನನಗೆ ನೆನಪಾದದ್ದು ನಮ್ಮೂರ ಟಾಕೀಸು. ನಾನು ಚಿಕ್ಕವನಿದ್ದಾಗ ಅಲ್ಲೂ ಮೂರು ವರ್ಗ: ನೆಲ, ಬೆಂಚಿ, ಕುರ್ಚಿ. ನೆಲದವರು ಮುಂದೆ ಕೂತು ಪರದೆಯ ರಾಜನ ಕಾಲಬುಡದಲ್ಲೇ ಕತ್ತು ಮೇಲೆತ್ತಿ ನೋಡಬೇಕು, ಕುರ್ಚಿಯವರು ಹಿಂದೆ. ವಿಮಾನದಲ್ಲಿ ಅದು ತಿರುವುಮುರುವು, ದುಡ್ಡಿದ್ದವರು ಮುಂದೆ. ನಮ್ಮಪ್ಪ ಒಮ್ಮೆ ಮಾತ್ರ ನನ್ನನ್ನು ಕುರ್ಚಿಗೆ ಕರೆದುಕೊಂಡು ಹೋಗಿದ್ದರು. ಅರ್ಧ ಸಿನಿಮಾಕ್ಕೆ ನನಗೆ ಬೇಜಾರಾಗಿ ನೆಲಕ್ಕೆ ಓಡಿಹೋದೆ, ಸೀಟಿ ಹೊಡೆಯುವವರೆಲ್ಲ ಅಲ್ಲೇ ಇದ್ದರು. ಕುರ್ಚಿಯಲ್ಲಿ ತಿಗಣೆ ಕಮ್ಮಿ, ಗದ್ದಲ ಕಮ್ಮಿ, ನಗುವೂ ಕಮ್ಮಿ. ಅಪ್ಪ ಹುಡುಕಿಕೊಂಡು ಬಂದು ಬೈದು, ಕೊನೆಗೆ ತಾವೂ ನೆಲದಲ್ಲೇ ಕೂತು ಸಿನಿಮಾ ಮುಗಿಸಿದರು.

ಊಟದ ತಟ್ಟೆಗಳನ್ನು ಎತ್ತಿ, ಹಾಡಹಗಲಲ್ಲೇ ಕಿಟಕಿಗಳನ್ನೆಲ್ಲ ಮುಚ್ಚಿಸಿ ಕತ್ತಲೆ ಮಾಡಿದರು. ಡಬ್ಬಿ ನನ್ನ ಕಾಲಬುಡದ ಚೀಲದಲ್ಲಿತ್ತು. ಮುಂದೆ ಹೋಗಿ ಕೊಡುವುದು ಹೇಗೆ, ಕೊಟ್ಟರೆ ಇವತ್ತು ಯಾವ ಉಪವಾಸ ಹೊರಡುತ್ತದೋ ಅಂತ ಹಿಂದೆಮುಂದೆ ನೋಡುತ್ತಿದ್ದೆ. ಅಷ್ಟರಲ್ಲಿ ಗಗನಸಖಿಯೇ ಬಂದಳು. ಮುಂದಿರುವ ಅಮ್ಮ ಮಲಗಲು ಒಪ್ಪುತ್ತಿಲ್ಲ, ಏನೋ ಕೇಳುತ್ತಿದ್ದಾರೆ, ನಮಗೆ ತಿಳಿಯುತ್ತಿಲ್ಲ, ಬನ್ನಿ ಅಂದಳು. ಓಡಿದೆ.

ರುಕ್ಮಿಣಮ್ಮನವರು ಚೆನ್ನಾಗೇ ಇದ್ದರು. ಸೀಟನ್ನು ಪೂರ್ತಿ ಹಾಸಿಗೆ ಮಾಡಿ, ಬಿಳೀ ಮೇಲುಹಾಸು ಹಾಸಿ, ದಿಂಬಿಟ್ಟಿದ್ದರು. ಅವರು ಮಾತ್ರ ಅಂಚಿನಲ್ಲಿ ಪರರ ಮನೆಯಲ್ಲಿ ಕೂತಂತೆ ಕೂತಿದ್ದರು.

"ಬೀಗರ, ನೀವು ಸರ್ವೇದವರು. ಖರೇ ಹೇಳ್ರಿ, ಈ ದಿಂಬು ಯಾವ ದಿಕ್ಕಿಗೈತಿ?"

ನನಗೆ ಅರ್ಥವಾಯಿತು. ಉತ್ತರಕ್ಕೆ ತಲೆಯಿಟ್ಟು ನಮ್ಮಲ್ಲಿ ಯಾರೂ ಮಲಗುವುದಿಲ್ಲ, ಹಾಗೆ ಮಲಗಿಸುವುದು ಹೆಣವನ್ನು. ಎದುರಿನ ಪರದೆಯಲ್ಲಿ ನಕಾಶೆ ಇತ್ತು. ಪುಟ್ಟ ವಿಮಾನ ಆಗ್ನೇಯಕ್ಕೆ ಮೂತಿ ಮಾಡಿ ಹೋಗುತ್ತಿತ್ತು. ಕಾಲು ವಿಮಾನದ ಮೂತಿಯ ಕಡೆ, ತಲೆ ಬಾಲದ ಕಡೆ. ಅಂದರೆ ವಾಯವ್ಯ.

ಮೂಡಣ ಅಂದಿದ್ದರೆ ಮುಗಿಯುತ್ತಿತ್ತು. ಆ ತಾಯಿ ನೆಮ್ಮದಿಯಾಗಿ ಕಾಲು ಚಾಚುತ್ತಿದ್ದರು, ಆಕಾಶದಲ್ಲಿ ಯಾರು ಕಲ್ಲು ನೆಟ್ಟಿದ್ದಾರೆ? ನಾಲಗೆ ತುದಿಗೆ ಬಂದೇಬಂದಿತ್ತು. ಆದರೆ ಈ ಹೆಂಗಸಿಗೆ ನೋಡದೆ ವಿಚಾರಿಸದೆ ಒಂದು ಮಾತು ಅಂದು ಆರು ವರ್ಷದಿಂದ ಅದರ ಫಲ ಉಣ್ಣುತ್ತಿದ್ದೇನೆ, ಈಗ ನೋಡಿ ತಿಳಿದೂ ಇನ್ನೊಂದು ಸುಳ್ಳು ಹೇಳಲೇ ಅನ್ನಿಸಿತು.

"ವಾಯವ್ಯ ಐತ್ರಿ ಅಕ್ಕಾರ" ಅಂದೆ.

"ವಾಯವ್ಯ ಅಂದ್ರ ಅರ್ಧ ಉತ್ತರ."

"ಹೌದ್ರಿ."

"ಅರ್ಧ ಹೆಣ ಆಗಿ ಮೊಮ್ಮಗನ ಮುಖ ನೋಡ್ಲೇನು?"

"ದಿಂಬು ಆ ತುದಿಗೆ ಹಾಕ್ಲೇನ್ರಿ?"

"ಮಂದಿ ಕಾಲಿಡೋ ಗೂಡಿನಾಗ ತಲಿ ಇಡು ಅಂತೀರಾ?" ಅಂದು ನನ್ನ ಕಡೆ ತಿರುಗಿದರು. "ಸುಳ್ಳು ಹೇಳ್ತೀರಿ ಅಂತ ಮಾಡಿದ್ದೆ. ಹೇಳ್ಲಿಲ್ಲ. ಇರ್ಲಿ. ನಿಮ್ಮ ಸೀಟಿನ್ಯಾಗ ಕುಂತ ನಿದ್ದಿ ಮಾಡೋದಲ್ಲ? ಕುಂತವರಿಗೆ ದಿಕ್ಕಿನ ದೋಷ ಇಲ್ಲ. ನಾ ಅಲ್ಲಿಗೆ ಹೋಗ್ತೀನಿ, ನೀವು ಇಲ್ಲಿ ಬರ್ರಿ."

"ಛೇ ಛೇ, ಬೀಗರನ್ನ ಹಿಂದ ಕೂಡ್ಸಿ ನಾ ಮುಂದ ಮಲಗೋದಾ? ಮೊಣಕಾಲು ನೋವು ಬ್ಯಾರೆ ನಿಮಗ."

"ನೆಟ್ಟಗ ಕುಂತು ಕುಂತು ಬೆಳದ ಮೊಣಕಾಲು ಇವು. ಇಲ್ಲಿ ಸುತ್ತ ಗ್ವಾಡಿ, ಮಾತಾಡಾಕ ಒಂದು ಪಿಳ್ಳಿ ಇಲ್ಲ. ನಡ್ರಿ."

ಗಗನಸಖಿ ಮೊದಲು ಬೇಡವೆಂದಳು. ರುಕ್ಮಿಣಮ್ಮನವರು ಎದ್ದು ನಡೆಯಲು ಶುರುಮಾಡಿದ್ದರಿಂದ ಅವಳೂ ಹಿಂದೆ ಬಂದಳು. ನಲವತ್ತನೇ ಸಾಲಿನಲ್ಲಿ ಅವರನ್ನು ಕೂಡಿಸಿ, ನನ್ನ ಕಂಬಳಿಯನ್ನು ಮಡಿಸಿ ಮೊಣಕಾಲ ಕೆಳಗಿಟ್ಟೆ. ಹೇಳಲೋ ಬೇಡವೋ ಅಂತ ನಿಂತು, ಕೊನೆಗೆ ಪರೀಕ್ಷೆಯಲ್ಲಿ ಉತ್ತರ ಒಪ್ಪಿಸುವವನಂತೆ ಒಂದೇ ಉಸಿರಿಗೆ, "ಕಾಲಬುಡಕ ಚೀಲದಾಗ ಡಬ್ಬಿ ಐತ್ರಿ. ಶೇಂಗಾ ಹೋಳಿಗಿ. ಹಾಲಿನಾಗ ಕಲಸೀನಿ, ಮಡೀಲೆ ಮಾಡೀನಿ" ಅಂದೆ.

"ಇವತ್ತು ಗುರುವಾರ" ಅಂದರು. "ಗುರುವಾರ ನನಗ ಒಪ್ಪತ್ತು. ಹೊರಡೋ ಮೊದ್ಲ ಉಂಡೀನಿ."

ಮುಗಿಯಿತು. ನಾನು ಮುಂದಕ್ಕೆ ನಡೆದೆ.

ಈಗ ಸುಖದ ವಿಚಾರ. ಹಾಸಿಗೆ ಎಂಟೂವರೆ ಗೇಣು. ಮೇಲುಹಾಸು ಅಪ್ಪಟ ಹತ್ತಿಯದು, ಆದೋನಿಯವನಿಗೆ ಅದು ಬೆರಳಿಗೇ ತಿಳಿಯುತ್ತದೆ. ಹಿಂದೆ ಕೊಟ್ಟ ಕಂಬಳಿಯನ್ನು ಉಜ್ಜಿದರೆ ಚಿಟಚಿಟ ಅನ್ನುತ್ತಿತ್ತು. ಇಲ್ಲಿ ಬಿಸಿ ಒದ್ದೆ ಟವೆಲು, ಗಾಜಿನ ಲೋಟ, ಈ ಝಿಪ್ಪಿನ ಚೀಲ, ಮುಂಗೈಗೆ ಸಿಗುವಂತೆ ಹತ್ತು ಗುಂಡಿ. ಒಂದು ಒತ್ತಿದರೆ ಬೆನ್ನು ಏಳುತ್ತದೆ, ಇನ್ನೊಂದು ಒತ್ತಿದರೆ ಕಾಲು ಏಳುತ್ತದೆ, ಮೂರನೆಯದಕ್ಕೆ ಗಗನಸಖಿಯೇ ಬರುತ್ತಾಳೆ. ನಾನು ಮೂರನೆಯದನ್ನು ತಪ್ಪಿ ಎರಡು ಸಲ ಒತ್ತಿದೆ.

ದಿಂಬಿಗೆ ತಲೆ ಕೊಟ್ಟೆ. ವಾಯವ್ಯ. ಬೇರೆಯವರಿಗೆ ದಿಕ್ಕು ಹೇಳಿದವನಿಗೆ ತನ್ನ ದಿಕ್ಕು ಚುಚ್ಚತೊಡಗಿತು. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ದಿಂಬನ್ನು ಕಾಲಿನ ತುದಿಗೆ ಒಯ್ದು ತಿರುಗಿ ಮಲಗಿದೆ. ಅಲ್ಲಿ ಎರಡು ಪಾದ ಹಿಡಿಸುವಷ್ಟು ಮಾತ್ರ ಗೂಡಿದೆ. ತಲೆ ಒಳಗೆ ಹೋಯಿತು, ಕಿವಿ ಹೊರಗೆ ಬರಲಿಲ್ಲ. ಒದ್ದಾಡುವಾಗ ಮೊಣಕೈ ಆ ಮೂರನೇ ಗುಂಡಿಗೇ ಬಿತ್ತು. ಗಗನಸಖಿ ಬಂದು ನನ್ನ ಭುಜ ಹಿಡಿದು ಮೆಲ್ಲಗೆ ಹೊರಗೆಳೆದಳು. ನಗಲಿಲ್ಲ. ಅವಳಿಗೆ ಕೊಡುವ ಸಂಬಳ ಅದಕ್ಕೇ ಇರಬೇಕು.

ಮತ್ತೆ ವಾಯವ್ಯಕ್ಕೇ ಮಲಗಿ, ಕಣ್ಣುಪಟ್ಟಿ ಕಟ್ಟಿಕೊಂಡೆ. ನಿದ್ದೆ ಬರಲಿಲ್ಲ. ಮೈ ಸುಖವಾಗಿತ್ತು, ಅದನ್ನು ಇಲ್ಲ ಅನ್ನಲಾರೆ. ನಲವತ್ತನೇ ಸಾಲಿನಲ್ಲಿ ನನ್ನ ಮೊಣಕಾಲಿಗಿದ್ದ ನೋವು ಇಲ್ಲಿ ಜಾಗ ಬದಲಿಸಿ ಎದೆಗೆ ಬಂದಿತ್ತು, ಅಷ್ಟೇ. ಕುರ್ಚಿಯಿಂದ ನೆಲಕ್ಕೆ ಇಳಿದುಬಂದ ನಮ್ಮಪ್ಪ ನೆನಪಾದರು. ಅವತ್ತು ಮದುವೆಯಲ್ಲಿ ನಾನೂ ಹಾಗೆ ಅಡಿಗೆಮನೆಗೆ ಹೋಗಿ, ಆ ಈಳಿಗೆಮಣೆಯ ಪಕ್ಕದಲ್ಲೇ ಒಂದು ಎಲೆ ಹಾಕಿಕೊಂಡು ಕೂತಿದ್ದರೆ ಆಗುತ್ತಿತ್ತಲ್ಲ? ಬದಲಿಗೆ ನಮಸ್ಕಾರ ಹಾಕಿ ಎದ್ದು, ಉಳಿದ ಬೀಗರಿಗೆ ತುಪ್ಪ ಬಡಿಸಲು ಓಡಿದೆ. ಪಂಕ್ತಿ ಕೆಡಬಾರದಲ್ಲ! ಮೂವತ್ತು ವರ್ಷ ಇದು ನಿನ್ನದು, ಇದು ಅವನದು ಅಂತ ಗೆರೆ ಎಳೆದವನಿಗೆ ಊಟದ ಎಲೆಗಳ ನಡುವೆಯೂ ಗೆರೆಯೇ ಕಂಡಿತು. ತಪ್ಪು ಮುಖ ಗುರುತಿಸದೆ ಹೋದದ್ದರಲ್ಲಿ ಇರಲಿಲ್ಲ. ಅವರು ನಿಜಕ್ಕೂ ಅಡಿಗೆಯವರೇ ಆಗಿದ್ದರೂ, ಕೂತ ಎಲೆಯಿಂದ ಹಸಿದವರನ್ನು ಎಬ್ಬಿಸುವವರು ಉಂಟೇ? ಇದು ನನಗೆ ಆರು ವರ್ಷದಲ್ಲಿ ಹೊಳೆದಿರಲಿಲ್ಲ, ಮಲಗುವ ಸೀಟಿನಲ್ಲಿ ಹೊಳೆಯಿತು. ಕಣ್ಣುಪಟ್ಟಿಯೊಳಗೆ ಕಣ್ಣು ಒದ್ದೆಯಾಯಿತು.

ಬಹಳ ಹೊತ್ತಾದ ಮೇಲೆ ಪಟ್ಟಿ ಬಿಚ್ಚಿದೆ. ಪಕ್ಕದ ಗೂಡಿನಲ್ಲಿ ರುಕ್ಮಿಣಮ್ಮನವರ ಬುತ್ತಿ ಚೀಲ ಹಾಗೇ ಇತ್ತು. ಅರಳಿಟ್ಟು, ಬಾಳೆಹಣ್ಣು ತಂದುಕೊಂಡಿದ್ದರು. ಅಯ್ಯೋ, ಇಷ್ಟು ಹೊತ್ತು ಅಲ್ಲಿ ಏನೂ ಇಲ್ಲದೆ ಕೂತಿದ್ದಾರಲ್ಲ ಅಂತ ಚೀಲ ಎತ್ತಿಕೊಂಡು ಹಿಂದಕ್ಕೆ ನಡೆದೆ. ಒಂದು ಪರದೆ ಸರಿಸಿ, ಪ್ರೀಮಿಯಂ ದಾಟಿ, ಇನ್ನೊಂದು ಪರದೆ ಸರಿಸಿದೆ. ಕಿಟಕಿಗಳನ್ನು ಒಂದೊಂದಾಗಿ ತೆರೆಯುತ್ತಿದ್ದರು.

ನಲವತ್ತನೇ ಸಾಲು ಬರುವ ಮೊದಲೇ ದನಿ ಕೇಳಿಸಿತು. ರುಕ್ಮಿಣಮ್ಮನವರು ಗುಂಟೂರಿನ ಹೆಂಗಸಿಗೆ ಒತ್ತಾಯ ಮಾಡುತ್ತಿದ್ದರು: "ತಿನಮ್ಮಾ, ತಿನು. ಮಾ ವಿಯ್ಯಂಕುಡು ಚೇಸಿನಾಡು."

ತಿನ್ನಮ್ಮಾ, ನಮ್ಮ ಬೀಗರು ಮಾಡಿದ್ದು.

ನಾನು ಅಲ್ಲೇ ನಿಂತೆ. ಅವರ ತೊಡೆಯ ಮೇಲೆ ನನ್ನ ಡಬ್ಬಿ ಇತ್ತು, ಬದುವಿನ ಮೇಲೆ ಅದರ ಮುಚ್ಚಳ. ಬಾಯಲ್ಲಿದ್ದದ್ದನ್ನು ನುಂಗಿ, ನಿಧಾನವಾಗಿ ನನ್ನ ಕಡೆ ತಿರುಗಿದರು.

"ನಿಮ್ಮ ಬುತ್ತಿ ತಂದೆ ಅಕ್ಕಾರ" ಅಂದೆ. "ಇವತ್ತು... ಗುರುವಾರ ಒಪ್ಪತ್ತು ಅಂದಿದ್ರಿ."

"ಆಗ್ಲೇ ಆ ಹುಡುಗಿ ಹೇಳಿದ್ಲು, ನಾವು ಹೋಗೋ ಊರಾಗ ಶುಕ್ರವಾರ ಆಗೇತಂತ. ನಡ್ಕೊಳ್ಳೋದು ಹೋಗೋ ಊರಿನ ದಿನಾನ ಅಲ್ಲೇನು?"

"ಹೆಂಗಾಗ್ಯಾವ್ರಿ?"

"ಬೆಲ್ಲ ಕಮ್ಮಿ. ಅಂಚು ದಪ್ಪ. ನಾಮಕರಣಕ್ಕ ನಾ ಮಗ್ಗುಲಾಗ ಕುಂತು ಹೇಳಿಕೊಡ್ತೀನಿ, ಮಾಡೀರಂತ."

ಡಬ್ಬಿಯಲ್ಲಿ ಇನ್ನೊಂದೇ ಉಳಿದಿತ್ತು. ನಾನು ಆರು ವರ್ಷದಿಂದ ಹಸಿದವನಂತೆ ಕೈಚಾಚಿದೆ. ಅವರು ಡಬ್ಬಿಯನ್ನು ಹಿಂದಕ್ಕೆಳೆದುಕೊಂಡು ನನ್ನ ಮುಖ ನೋಡಿದರು. ಮದುವೆಯ ದಿನ ನೋಡಿದ್ದರಲ್ಲ, ಅದೇ ನೋಟ. ತುಟಿಯ ಕೊನೆಯಲ್ಲಿ ಮಾತ್ರ ನಗು.

"ಇದು ಬೀಗರ ಪಂಕ್ತಿ" ಅಂದರು. "ಅಡಿಗಿಯವರು ಆಮ್ಯಾಲೆ."

ಆಮೇಲೆ ತಮ್ಮ ಬುತ್ತಿ ಚೀಲ ನನ್ನ ಕೈಯಿಂದ ಇಸಿದುಕೊಂಡು ಬಿಚ್ಚಿ, ಅರಳಿಟ್ಟನ್ನು ಬಾಳೆಹಣ್ಣಿನಲ್ಲಿ ಕಿವುಚಿ ಒಂದು ಉಂಡೆ ಕಟ್ಟಿ ನನ್ನ ಅಂಗೈಯಲ್ಲಿಟ್ಟರು. ನಾನು ನಲವತ್ತನೇ ಸಾಲಿನ ಪಕ್ಕ, ನಡೆದಾಡುವ ದಾರಿಯಲ್ಲೇ ಚಕ್ಕಳಮಕ್ಕಳ ಹಾಕಿ ಕೂತು ತಿಂದೆ.